ಮಿರ್ಜಾನ್ ಕೋಟೆಯ ತಲೆ ಎಣಿಕೆ

22 ಸೆಪ್ಟೆಂಬರ್ 2024, ಭಾನುವಾರ. ಸಂಜೆ 7

ಇವತ್ತೂ ಶಿಕಾರಿಪುರ–ಸೊರಬ ನಾಲ್ಕು ಟ್ರಿಪ್. ಭಾನುವಾರವಾದರೂ ಕಾಲಿಡಲು ಜಾಗವಿಲ್ಲ. ಹೆಂಗಸರಿಗೆ ಝೀರೋ ಟಿಕೆಟ್ ಕೊಟ್ಟೂ ಕೊಟ್ಟೂ ಮೆಷಿನ್ ಎರಡು ಸಲ ಕೈಕೊಟ್ಟಿತು. ಶಿರಾಳಕೊಪ್ಪದಲ್ಲಿ ಟೀಗೆ ನಿಲ್ಲಿಸಿದಾಗ ಅರವತ್ತೆರಡು ತಲೆ. ಹೊರಡುವ ಮುಂಚೆ ಮತ್ತೆ ಎಣಿಸಿದೆ. ಅರವತ್ತೊಂದು. ಸೀಟಿ ಊದಲಿಲ್ಲ.

ಡ್ರೈವರ್ ರಾಜಕುಮಾರ್ ತಲೆ ಚಚ್ಚಿಕೊಂಡ. "ಇಳ್ದೋರು ಇಳ್ದಿರ್ತಾರೆ ಮಾರಾಯ. ನೀನೇನ್ ಜನಗಣತಿಗೆ ಬಂದೀಯೇನು?"

ಎರಡು ನಿಮಿಷಕ್ಕೆ ಒಬ್ಬ ಅಜ್ಜ ಪಂಚೆ ಎತ್ತಿಕೊಂಡು ಗೋಡೆ ಮರೆಯಿಂದ ಓಡಿಬಂದ. ಅರವತ್ತೆರಡು. ಸೀಟಿ.

ಕಂಡಕ್ಟರ್ ಆಗಿ ಮೂವತ್ತು ವರ್ಷ. ಒಬ್ಬರನ್ನೂ ಬಿಟ್ಟು ಬಂದಿಲ್ಲ. ಡಿಪೋದಲ್ಲಿ ನನಗಿಟ್ಟ ಹೆಸರು 'ಡಬಲ್ ವೀರೇಶ'. ಎಲ್ಲ ಎರಡೆರಡು ಸಲ ಎಣಿಸುತ್ತೇನೆಂದು. ಯಾಕೆಂದು ಯಾರಿಗೂ ಗೊತ್ತಿಲ್ಲ, ಸುನಿತಾಗೂ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ, ಅವಳಿಗೂ ಹೇಳಿಲ್ಲ.

ಮನೆಗೆ ಬಂದು ಮೊಬೈಲ್ ನೋಡಿದರೆ '88ರ ಎಸ್ಸೆಸ್ಸೆಲ್ಸಿ' ಗ್ರೂಪಿನಲ್ಲಿ ಜಾತ್ರೆ. ಗೊಬ್ಬರದಂಗಡಿ ಲೋಕೇಶ ಬರೆದಿದ್ದಾನೆ — "ಅಕ್ಟೋಬರ್ 20. ನಮ್ಮ ಗಣಿತದ ಚೌಡಪ್ಪ ಸರ್‌ಗೆ ಗುರುವಂದನೆ. ಜಾಗ: ಅದೇ ಮಿರ್ಜಾನ್ ಕೋಟೆ!!" ಕೆಳಗೆ ಕೈಮುಗಿದ ಚಿತ್ರ ಹದಿನೆಂಟು.

ಕೋಟೆಯೇ ಬೇಕಿತ್ತಾ ಇವನಿಗೆ? ಊರಲ್ಲಿ ಕಲ್ಯಾಣ ಮಂಟಪ ಇರಲಿಲ್ಲವಾ?


24 ಸೆಪ್ಟೆಂಬರ್, ಮಂಗಳವಾರ

ವೀಕ್ಲಿ ಆಫ್. ಯಾರಿಗೂ ಹೇಳದ್ದನ್ನು ಇಲ್ಲಾದರೂ ಬರೆದುಬಿಡುತ್ತೇನೆ.

1986, ಡಿಸೆಂಬರ್. ಒಂಬತ್ತನೇ ಕ್ಲಾಸಿನ ಒಂದು ದಿನದ ಪ್ರವಾಸ. ಶಿರಸಿಯಲ್ಲಿ ಮಾರಿಕಾಂಬೆ, ದೇವಿಮನೆ ಘಟ್ಟ ಇಳಿದು ಮಿರ್ಜಾನ್ ಕೋಟೆ, ಕೊನೆಗೆ ಕುಮಟಾದಲ್ಲಿ ಸಮುದ್ರ. ಸಮುದ್ರ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಿಂದಿನ ವಾರವೆಲ್ಲ ಅದೇ ಮಾತು. ಕೆರೆಗಿಂತ ಎಷ್ಟು ದೊಡ್ಡದು, ಆಚೆ ದಡ ಕಾಣುತ್ತದೋ ಇಲ್ಲವೋ.

ಬೆಳಿಗ್ಗೆ ಬಸ್ಸು ಹತ್ತುವಾಗ ಗೊಂದಲ. ಪಟ್ಟಿಯಲ್ಲಿದ್ದ ನಾಲ್ವರು ಬರಲಿಲ್ಲ. ಇಲ್ಲದ ಐವರು ಬಂದರು. ಚೌಡಪ್ಪ ಸರ್, "ಪಟ್ಟಿ ಬಿಡು, ತಲೆ ಎಣಿಸಿ ಹೇಳು ವೀರೇಶ" ಎಂದರು. ನಾನು ಕ್ಲಾಸ್ ಲೀಡರ್. ಎದೆ ಉಬ್ಬಿಸಿಕೊಂಡು ಎಣಿಸಿದೆ. ಅಜ್ಜ ಕಣದಲ್ಲಿ ಭತ್ತ ಅಳೆಯುವಂತೆ.

ಕಣದಲ್ಲಿ ಮೊದಲ ಕೊಳಗಕ್ಕೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಉಳಿದವರು ಲಾಭದ ನಂತರ 'ಎರಡು' ಅಂತ ಮುಂದುವರಿಸುತ್ತಾರೆ. ನಮ್ಮಜ್ಜ ಹಾಗಲ್ಲ. "ಮೊದಲ್ನೇ ಕೊಳಗ ಭೂಮ್ತಾಯಿದು. ನಮ್ ಲೆಕ್ಕಕ್ ಬರಲ್ಲ" ಎಂದು ಅದನ್ನು ಪಕ್ಕಕ್ಕೆ ಸುರಿದು, ಆಮೇಲೆ 'ಒಂದು' ಶುರು ಮಾಡುತ್ತಿದ್ದ. ಲಾಭ, ಒಂದು, ಎರಡು. ಲೋಕವೆಲ್ಲ ಹೀಗೇ ಎಣಿಸುತ್ತದೆಂದು ತಿಳಿದಿದ್ದ ಪೆದ್ದ ನಾನು.

ನನ್ನ ಎದೆ ಮುಟ್ಟಿಕೊಂಡು 'ಲಾಭ' ಅಂದುಕೊಂಡೆ. ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು. ಆಮೇಲೆ ಒಂದು, ಎರಡು... ಕೊನೆಯಲ್ಲಿ ಜೋರಾಗಿ ಹೇಳಿದೆ, "ನಲವತ್ತೇಳು ಸಾ!"

ಇದ್ದದ್ದು ನಲವತ್ತೆಂಟು.

ಸಂಜೆ ಕೋಟೆಯಿಂದ ಹೊರಡುವಾಗ ಎಣಿಸಿದ್ದು ಸರ್. ಶಾಲೆಯ ಲೆಕ್ಕದಂತೆ, ಒಂದರಿಂದ. ನಲವತ್ತೇಳು ಬಂತು. ತಾಳೆಯಾಯಿತು. ಘಟ್ಟದಲ್ಲಿ ಟೈರ್ ಪಂಕ್ಚರ್ ಆಗಿ ಮೊದಲೇ ತಡ. ಸಮುದ್ರ ಬಿಟ್ಟು ಊರ ಕಡೆ ತಿರುಗಿದೆವು. ಎಲ್ಲರೂ ಮುಖ ಊದಿಸಿಕೊಂಡಿದ್ದೆವು. ತಾಂಡಾ ಕ್ರಾಸಿನಲ್ಲಿ ನಮ್ಮ ಕ್ಲಾಸಿನ ರಮಾಬಾಯಿಯ ಅಪ್ಪ ಟಾರ್ಚ್ ಹಿಡಿದು ನಿಂತಿದ್ದ. ಬಸ್ಸಿನಲ್ಲಿ ರಮಾಬಾಯಿ ಇರಲಿಲ್ಲ.

ಮಗು ಮಾರನೇ ದಿನ ಸುಖವಾಗಿ ಸಿಕ್ಕಿತು. ಸರ್‌ಗೆ ಮಾತ್ರ ಸುಖ ಸಿಗಲಿಲ್ಲ. ಮೆಮೋ ಬಂತು, ವಿಚಾರಣೆ ಆಯಿತು, ದೂರದ ಜಿಲ್ಲೆಗೆ ವರ್ಗ. ಹೆಡ್‌ಮಾಸ್ಟರ್ ಆಗದೆಯೇ ರಿಟೈರ್ ಆದರು. ಬೆಳಿಗ್ಗೆ ಎಣಿಸಿದ್ದು ಯಾರೆಂದು ಅವರು ಎಲ್ಲೂ ಬಾಯಿ ಬಿಡಲಿಲ್ಲ.

ನನಗೆ ತಿಳಿದದ್ದು ಜನವರಿಯ ಸುಗ್ಗಿಯಲ್ಲಿ. ಅಜ್ಜ ಮೊದಲ ಕೊಳಗ ಪಕ್ಕಕ್ಕೆ ಸುರಿದು 'ಲಾಭ' ಅಂದ. ಕಣದ ನಡುವೆ ನಿಂತು ಬಸ್ಸಿನ ತಲೆಗಳನ್ನು ಬೆರಳಲ್ಲಿ ಮತ್ತೆ ಎಣಿಸಿದೆ: ನನ್ನನ್ನೂ ಸೇರಿಸಿ ನಲವತ್ತೆಂಟು.

ಆವತ್ತಿಂದ ನುಂಗಿಕೊಂಡು ಕೂತಿದ್ದೇನೆ.


29 ಸೆಪ್ಟೆಂಬರ್, ಭಾನುವಾರ

ಲೋಕೇಶ ಶಿರಾಳಕೊಪ್ಪ ಸ್ಟ್ಯಾಂಡಿಗೇ ಬಂದು ಹಿಡಿದ. "ಗ್ರೂಪ್ನಾಗೆ ಎಲ್ರೂ ಬರ್ತೀನಿ ಅಂದ್ರು. ನೀನ್ಯಾಕ್ ಬಾಯಿಗೆ ಬೀಗ ಹಾಕ್ಕೊಂಡು ಕುಂತೀಯ?"

"ಡ್ಯೂಟಿ ಐತೋ."

"ಸುಳ್ ಬಗುಳ್ಬ್ಯಾಡ. ರಜಾ ಹಾಕು. ಮೇಷ್ಟ್ರು ಬರಕ್ಕೇ ಒಪ್ಪಿರ್ಲಿಲ್ಲ. ಆಮ್ಯಾಲೆ ಒಂದು ಕಂಡೀಷನ್ ಹಾಕಿದ್ರು ನೋಡು. ಕೋಟೆ ಒಳಗೆ, ಎಲ್ರ ಎದ್ರಿಗೆ, ರಮಾಬಾಯಿ ಹತ್ರ ಕ್ಷಮೆ ಕೇಳ್ತಾರಂತೆ. ಎಣಿಕೆ ತಪ್ಪಿದ್ದು ನಂದು, ಎಂಬತ್ತು ವರ್ಷ ಆತು, ಇದೊಂದು ಬಾಕಿ ಐತಿ ಅಂದ್ರು."

ಅಷ್ಟರಲ್ಲಿ ರಾಜಕುಮಾರ್ ಹಾರ್ನ್ ಹೊಡೆದ. ಹತ್ತಿದೆ. ಎಣಿಸಿದೆ. ಎರಡನೇ ಸಲ ಎಣಿಸುವಾಗ ಲೆಕ್ಕ ಇಪ್ಪತ್ತರ ಹತ್ತಿರ ಕೈತಪ್ಪಿತು. ಮೂರನೇ ಸಲ ಎಣಿಸಿದೆ.

ನನ್ನ ತಪ್ಪಿಗೆ ಅವರು ಕೈಮುಗಿಯುವುದಾ? ಅದನ್ನು ನಾನು ನಿಂತು ನೋಡುವುದಾ?


3 ಅಕ್ಟೋಬರ್, ಗುರುವಾರ

ರಮಾಬಾಯಿ ಸಿಕ್ಕಳು. ತಾಳಗುಂದದ ಕಡೆಯ ತಾಂಡಾ ಅವಳದು, ಅಲ್ಲೇ ಅಂಗನವಾಡಿ ಟೀಚರ್. ಮೀಟಿಂಗಿಗೆಂದು ಶಿಕಾರಿಪುರಕ್ಕೆ ಹೊರಟಿದ್ದಳು. ಝೀರೋ ಟಿಕೆಟ್ ಕೈಗಿತ್ತೆ. "ಏನ್ ಲೀಡರ್ರೆ, ಚೆನ್ನಾಗಿದೀರಾ?" ಎಂದಳು. ಈಗಲೂ ಲೀಡರ್ ಅಂತಲೇ ಕರೆಯುತ್ತಾಳೆ. ಕೇಳಿದಾಗಲೆಲ್ಲ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಹಾಗಾಗುತ್ತದೆ.

ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. ಆ ದಿನ ಎಲ್ಲಿಗೆ ಹೋಗಿದ್ದೆ?

ನಕ್ಕಳು. "ಬಾವಿ ನೋಡಕ್ಕೆ. ಮೆಟ್ಟಿಲು ಇಳ್ಯೋ ಬಾವಿ. ಮುಳ್ಳಿಗೆ ಸಿಕ್ಕಿ ಲಂಗ ಇಷ್ಟುದ್ದ ಹರೀತು. ಗಂಡು ಹುಡುಗ್ರ ಎದ್ರಿಗೆ ಹೆಂಗ್ ಬರ್ಲಿ? ಮುಳ್ಳಿಂದಾನೆ ಚುಚ್ಚಿ ಚುಚ್ಚಿ ಹರಿದಿದ್ದು ಸೇರಿಸ್ತಾ ಕುಂತೆ. ಮ್ಯಾಲೆ ಬರೋದ್ರಾಗೆ ಬಸ್ಸೂ ಇಲ್ಲ, ನೀವೂ ಇಲ್ಲ."

"ಹೆದರಿಕೆ ಆಗ್ಲಿಲ್ವ?"

"ಆಗ್ಲಿಲ್ದೆ? ಗೋಡೆ ಮ್ಯಾಲೆ ನಿಂತು ಅತ್ತೆ. ಕಟ್ಟಿಗೆಗೆ ಬಂದಿದ್ದ ಒಬ್ಬ ಹಾಲಕ್ಕಿ ಅಮ್ಮ ನೋಡಿದ್ಲು. ಕೊರಳ ತುಂಬ ಮಣಿಸರ. ಮನಿಗೆ ಕರ್ಕೊಂಡೋಗಿ ಕುಚ್ಚಲಕ್ಕಿ ಅನ್ನ, ಮೀನ್ ಸಾರು ಬಡಿಸಿದ್ಲು. ಬೆಳಿಗ್ಗೆ ದೋಣಿ ಮ್ಯಾಲೆ ಹೊಳೆ ಕೊನೀ ತನಕ ಕರ್ಕೊಂಡೋದ್ಲು. ಸಮುದ್ರ ತೋರಿಸಿದ್ಲು. ನಲವತ್ತೇಳು ಮಂದಿ ಹೋದ್ರಿ, ಸಮುದ್ರ ನೋಡಿದ್ದು ನಾನೊಬ್ಳೇ!"

ಪಕ್ಕದ ಸೀಟಿನವರೂ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದಳು. ಸರ್ ಆ ರಾತ್ರಿ ಅಕ್ಕಿ ಲಾರಿ ಹತ್ತಿ ಘಟ್ಟ ಇಳಿದಿದ್ದರಂತೆ. ಬೆಳಿಗ್ಗೆ ದೋಣಿಯಿಂದ ಇಳಿಯುವಾಗ ದಡದಲ್ಲಿ ನಿಂತಿದ್ದರಂತೆ. ಇವಳನ್ನು ನೋಡಿ ಮರಳಲ್ಲೇ ಕುಸಿದು ಅತ್ತರಂತೆ. ಅಪ್ಪ ಶಾಲೆ ಬಿಡಿಸುತ್ತೇನೆಂದಾಗ ಆರು ಸಲ ತಾಂಡಾಕ್ಕೆ ನಡೆದು ಬಂದು ಒಪ್ಪಿಸಿದರಂತೆ.

"ಅವ್ರು ಬರ್ದೇ ಇದ್ದಿದ್ರೆ ನಂಗೆ ಎಲ್ಲಿ ಎಸ್ಸೆಸ್ಸೆಲ್ಸಿ, ಎಲ್ಲಿ ಅಂಗನವಾಡಿ. ಅಂಥೋರು ನನ್ ಹತ್ರ ಕ್ಷಮೆ ಕೇಳ್ಬೇಕಾ ಲೀಡರ್ರೆ? ನೀವಾದ್ರೂ ಹೇಳ್ರಿ ಅವ್ರಿಗೆ."

ಹೇಳುತ್ತೇನೆ ಎಂದೆ.


6 ಅಕ್ಟೋಬರ್, ಭಾನುವಾರ

ಸೊರಬದಲ್ಲಿ ಮುಕ್ಕಾಲು ಗಂಟೆ ಬಿಡುವು. ಸರ್ ಮನೆಗೆ ಹೋದೆ. ಬಾಗಿಲಲ್ಲೇ ಗುರುತು ಹಿಡಿದರು. "ಬಾರೋ ಲೀಡರ್. ಇನ್ನೂ ಆ ಬಸ್ಸಲ್ಲೇ ಇದೀಯಾ?" ಮಗಳು ಕರುಣಾ ಅವಲಕ್ಕಿ, ಚಹಾ ತಂದಿಟ್ಟಳು.

ಸರ್ ತೀರಾ ಇಳಿದುಹೋಗಿದ್ದಾರೆ. ಬೋರ್ಡ್ ತುಂಬ ವೃತ್ತ ಎಳೆಯುತ್ತಿದ್ದ ಕೈ ಲೋಟ ಹಿಡಿಯಲು ನಡುಗುತ್ತದೆ. ಆ ವೃತ್ತ! ಕೈವಾರ ಇಲ್ಲದೆ ಒಂದೇ ಎಳೆತಕ್ಕೆ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಬಾಯಿ ತೆರೆಯುವ ಮುಂಚೆ ಅವರೇ ಶುರು ಮಾಡಿದರು. "ಒಬ್ಬನ್ನ ಎರಡು ಸಲ ಎಣಿಸಿರ್ಬೇಕು ಕಣೋ ನಾನು. ಎಷ್ಟ್ ಸಲ ಯೋಚ್ನೆ ಮಾಡಿದೀನಿ ಗೊತ್ತಾ? ಯಾವ ಸೀಟಲ್ಲಿ ತಪ್ಪಿತು ಅಂತ. ಗಣಿತದ ಮೇಷ್ಟ್ರಿಗೆ ನಲವತ್ತೇಳು ಎಣಿಸೋಕೆ ಬರಲ್ವೇನ್ರೀ ಅಂತ ವಿಚಾರಣೆಗೆ ಬಂದೋರು ಮುಖದ ಮೇಲೇ ನಕ್ಕರು. ಆಮೇಲೆ ಬೋರ್ಡ್ ಮೇಲೆ ಒಂದು ಕೂಡೋ ಲೆಕ್ಕ ಹಾಕಿದ್ರೂ ಎರಡೆರಡು ಸಲ ನೋಡ್ತಿದ್ದೆ. ಹುಡುಗ್ರು ಹಿಂದಿಂದ ನಗೋರು."

ಎರಡೆರಡು ಸಲ. ಅವರೂ.

"ಸಾ..." ಎಂದೆ.

"ಹೂಂ?"

"...ಅವಲಕ್ಕಿ ಚೆನ್ನಾಗೈತೆ ಸಾ."

ಥೂ. ಐವತ್ತೆರಡು ವರ್ಷ ತಿಂದ ಅನ್ನ ದಂಡ.


17 ಅಕ್ಟೋಬರ್, ಗುರುವಾರ. ಭೂಮಿ ಹುಣ್ಣಿಮೆ

ತೊಗರ್ಸಿ ಹತ್ತಿರದ ನಮ್ಮ ಹೊಲಕ್ಕೆ ಸುನಿತಾ ಜತೆ ಹೋದೆ. ಬೇಸಾಯ ಈಗ ಅಣ್ಣನದು. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಬದುವಿನ ಮೇಲೆ ಸಾಲಾಗಿ ನಡೆದೆವು. ಬಸುರಿ ಭೂಮಿಗೆ ಬಯಕೆ ಊಟ. ಬೆರಕೆ ಸೊಪ್ಪಿನ ಪಲ್ಯ, ಕಡುಬು, ಬುತ್ತಿ. ಭತ್ತಕ್ಕೆ ಆಗಷ್ಟೇ ಹಾಲು ತುಂಬುತ್ತಿದೆ. ಇದೇ ಬದುವಿನ ಮೇಲೆ ಅಜ್ಜನ ಬೆರಳು ಹಿಡಿದು ಎಡವುತ್ತಾ ನಡೆದಿದ್ದೆ. ಗದ್ದೆಗೆ ಅನ್ನ ಎರಚುವಾಗ ಅಜ್ಜನ ದನಿ ಆಚೆ ದಿಬ್ಬಕ್ಕೆ ಕೇಳಿಸುತ್ತಿತ್ತು.

ಮನೆಯಲ್ಲಿ ಕೊಳಗ ಈಗ ದೇವರ ಪಕ್ಕ ಕೂತಿದೆ. ಅಳೆಯುವವರಿಲ್ಲ, ಎಲ್ಲ ತೂಕದ ಲೆಕ್ಕ. ಕೈಗೆತ್ತಿಕೊಂಡೆ. ಅಂಚು ಸವೆದಿದೆ.

ಸುನಿತಾ ಬಂದಳು. "ಯಾಕ್ರೀ, ಮುಖ ಹಂಗ್ ಮಾಡ್ಕೊಂಡೀರಿ?" ಹೇಳಿಬಿಟ್ಟೆ. ಮೊದಲಿಂದ ಕೊನೆವರೆಗೆ. ಕೊಳಗ ಮಡಿಲಲ್ಲಿಟ್ಟುಕೊಂಡೇ.

ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಹದಿನಾಲ್ಕು ವರ್ಷದ ಹುಡುಗ ಹೆದರಿ ಹೇಳ್ಲಿಲ್ಲ, ಸರಿ. ಐವತ್ತೆರಡು ವರ್ಷದ ಗಂಡ್ಸು ಯಾಕ್ರೀ ಹೇಳ್ಲಿಲ್ಲ?"

ಕೊಳಗ ಇದ್ದಲ್ಲಿಗೆ ಇಟ್ಟೆ.


20 ಅಕ್ಟೋಬರ್, ಭಾನುವಾರ

ಮಿನಿ ಬಸ್ಸು. ಇಪ್ಪತ್ತೇಳು ಜನ. ಲೋಕೇಶ ಎಣಿಸಿದ, ಇಡ್ಲಿ ಪೊಟ್ಟಣ ಹಂಚುತ್ತಾ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಜೀವಮಾನದಲ್ಲಿ ಮೊದಲ ಬಾರಿಗೆ ಬಸ್ಸಿನಲ್ಲಿ ಕೆಲಸವಿಲ್ಲದ ವೀರೇಶ.

ದೇವಿಮನೆ ಘಟ್ಟದಲ್ಲಿ ಎಲ್ಲರೂ ಮತ್ತೆ ಒಂಬತ್ತನೇ ಕ್ಲಾಸಾದರು. ಅಂತ್ಯಾಕ್ಷರಿ. ಮೊಮ್ಮಕ್ಕಳಿರುವ ಹೆಂಗಸರು ಹಿಂದಿನ ಸೀಟಿಗೆ ಜಗಳ. ಪಂಕ್ಚರ್ ಆದ ತಿರುವು ಇದೇ, ಅಲ್ಲ ಮುಂದಿನದು ಎಂದು ಹತ್ತು ನಿಮಿಷ ವಾದ. ಸರ್ ಮುಂದಿನ ಸೀಟಿನಲ್ಲಿ ಕೋಲಿನ ಮೇಲೆ ಗಲ್ಲ ಊರಿ ನಗುತ್ತಿದ್ದರು.

ಕೋಟೆ ಗುರುತೇ ಸಿಗಲಿಲ್ಲ. ಆಗ ಎಲ್ಲೆಲ್ಲೂ ಮುಳ್ಳು, ಬಳ್ಳಿ, ಗೋಡೆಯ ಮೇಲೆ ಮರ. ಒಳಗೆ ನುಗ್ಗಲು ಕೋಲಿನಿಂದ ಪೊದೆ ಬಡಿಯುತ್ತಾ ನಡೆದಿದ್ದೆವು. ಈಗ ಎಲ್ಲ ಬಿಡಿಸಿ ಚೊಕ್ಕ ಮಾಡಿದ್ದಾರೆ. ಬೋರ್ಡು, ಕಾವಲು. ಮಳೆ ಬಿಟ್ಟು ಹೆಚ್ಚು ದಿನವಾಗಿಲ್ಲ. ಕೆಂಪು ಜಂಬಿಟ್ಟಿಗೆಯ ಮೇಲೆಲ್ಲ ಹಸಿರು ಪಾಚಿ, ಕಂದಕದಲ್ಲಿ ನೀರು. ಅಗಲ ಮೆಟ್ಟಿಲಲ್ಲಿ ಸರ್ ಒಂದು ಕೈ ನನ್ನ ಹೆಗಲಿಗೆ ಹಾಕಿದರು. ಹಗುರ ಕೈ. ಆದರೂ ಹೊರಲಾಗಲಿಲ್ಲ.

ಬುರುಜಿನ ಮೇಲೆ ನಿಂತು ಸರ್ ಆವತ್ತಿನ ಪಾಠವನ್ನೇ ಮತ್ತೆ ಮಾಡಿದರು. "ಅಲ್ಲಿ ನೋಡ್ರೋ, ತೆಂಗಿನ ತೋಟದಾಚೆ ಅಘನಾಶಿನಿ. ನಮ್ಮ ಕಡೆ ಕಾಳುಮೆಣಸು ಘಟ್ಟ ಇಳಿದು ಇಲ್ಲಿಂದ ಹಡಗು ಹತ್ತುತ್ತಿತ್ತು. ಸಮುದ್ರದಿಂದ ಯಾರು ಬಂದ್ರೂ ಇಲ್ಲಿಗೆ ಮೊದಲು ಕಾಣ್ಬೇಕು. ಅದಕ್ಕೇ ಕೋಟೆ." ಆಗ ಯಾರೂ ಕೇಳಿಸಿಕೊಂಡಿರಲಿಲ್ಲ. ಇವತ್ತು ಎಲ್ಲರೂ ಮಕ್ಕಳಂತೆ ಕಿವಿಗೊಟ್ಟರು.

ರಮಾಬಾಯಿ ತನ್ನ ಬಾವಿ ತೋರಿಸಿದಳು. ಮೂರನೇ ಮೆಟ್ಟಿಲಲ್ಲಿ ಕೂತು ಫೋಟೋ ತೆಗೆಸಿಕೊಂಡಳು.

ಆಮೇಲೆ ಒಳಗಿನ ಬಯಲಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಸರ್ ಎದ್ದು ನಿಂತರು. ಶಾಲು ಮಡಿಸಿ ಕುರ್ಚಿಯ ಮೇಲಿಟ್ಟರು. "ರಮಾಬಾಯಿ, ಬಾರಮ್ಮ ಇಲ್ಲಿ." ಎರಡೂ ಕೈ ಜೋಡಿಸಿದರು. "ಅವತ್ತು ನನ್ನ ಎಣಿಕೆ ತಪ್ಪಿತು. ನಿನ್ನನ್ನ ಇಲ್ಲಿ ಬಿಟ್ಟು ಹೋದೆ."

ಅವಳು ಓಡಿಬಂದು ಆ ಕೈಗಳನ್ನು ಹಿಡಿದಳು. "ಸಾ, ಕೈ ಇಳಿಸ್ರಿ. ನಿಮ್ ಕಾಲಿಗ್ ಬೀಳ್ತೀನಿ, ಇಳಿಸ್ರಿ ಸಾ." ಇಬ್ಬರೂ ಅತ್ತರು. ಎಲ್ಲರೂ ಅತ್ತರು.

ನಾನು ಮೂರನೇ ಸಾಲಿನಲ್ಲಿದ್ದೆ. ಮುಂದೆ ಹೋಗಿ ಹೇಳಲಿಲ್ಲ. ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಹೊರಡುವ ಹೊತ್ತು. ಮುಂದೆ ಸಮುದ್ರಕ್ಕೆ. ಎಲ್ಲರೂ ಬಸ್ಸು ಹತ್ತಿದ ಮೇಲೆ ಸರ್ ತಿರುಗಿ ನೋಡಿದರು. "ವೀರೇಶ, ನೀನೇ ಎಣಿಸೋ. ಕಂಡಕ್ಟರ್ ಇದೀಯಲ್ಲ."

ಎದ್ದು ಬಾಗಿಲ ಬಳಿ ನಿಂತೆ. ಮೂವತ್ತೆಂಟು ವರ್ಷದಿಂದ ಎಣಿಸುವಾಗ ನಾಲಿಗೆಯ ಮೇಲೆ ತರದ ಪದ. ಎದೆ ಮುಟ್ಟಿಕೊಂಡೆ.

"ಲಾಭ."

ಜೋರಾಗಿಯೇ ಅಂದೆ. ಆಮೇಲೆ ಸರ್ ಕಡೆ ಬೆರಳು. "ಒಂದು." ಲೋಕೇಶ, "ಎರಡು." ಮೂರು, ನಾಲ್ಕು... ಕೊನೆಯ ಸೀಟಿನಲ್ಲಿ ರಮಾಬಾಯಿ. "ಇಪ್ಪತ್ತಾರು."

ಲೋಕೇಶ ಎದ್ದು ನಿಂತ. "ಲೇ! ಇಪ್ಪತ್ತೇಳು ಬಂದಿದ್ವಿ! ಯಾರೋ ಒಳಗೇ ಉಳ್ಕಂಡಾರೆ!" ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಇಳಿದು ಕೋಟೆ ಬಾಗಿಲಿಗೆ ಓಡಿದರು.

ಸರ್ ಕೋಲು ಎತ್ತಿದರು. "ಕರೀರೋ ಅವ್ರನ್ನ. ಯಾರೂ ಕಮ್ಮಿ ಇಲ್ಲ. ಎಲ್ಲಾ ಇದಾರೆ." ಕಣ್ಣು ಮಾತ್ರ ನನ್ನ ಮುಖದಿಂದ ಕದಲಲಿಲ್ಲ.

ಕುಮಟಾದಲ್ಲಿ ಎಲ್ಲರೂ ನೀರಿಗೆ ಬಿದ್ದರು. ಸೀರೆ ಎತ್ತಿ ಕಟ್ಟಿ, ಪ್ಯಾಂಟು ಮಡಚಿ, ಕೂಗಾಟ. ಆಚೆ ದಡ ಕಾಣುವುದಿಲ್ಲ, ನಿಜ. ಸರ್ ಒಂದು ದೋಣಿಯ ನೆರಳಲ್ಲಿ ಕೂತಿದ್ದರು. ಹತ್ತಿರ ಹೋಗಿ ಮರಳಲ್ಲಿ ಕೂತೆ.

"ನಿಮ್ಮಜ್ಜ ಅಳೀತಿದ್ದಿದ್ದು ಹಂಗಾ?"

"ಹೌದು ಸಾ. ಮೊದಲ್ನೇದು ಲೆಕ್ಕಕ್ಕಿಲ್ಲ."

"ಅಂದ್ರೆ ಅವತ್ತು ನಾನು ಎಣಿಸಿದ್ದು ಸರಿ ಇತ್ತು."

"ಸರಿ ಇತ್ತು ಸಾ. ತಪ್ಪಿದ್ದು ನಂದು."

ಸರ್ ತುಟಿ ಅಲುಗುತ್ತಿತ್ತು. ಲೆಕ್ಕ ಮತ್ತೆ ಮಾಡುತ್ತಿದ್ದರೋ ಏನೋ.

"ಯಾವಾಗ ಗೊತ್ತಾಯ್ತು ನಿನಗೆ?"

"ಸುಗ್ಗಿಯಾಗೆ ಸಾ. ಜನವರಿ."

"ನನ್ನ ವರ್ಗ ಆಗಿದ್ದು ಜೂನ್‌ನಲ್ಲಿ."

ಅಷ್ಟೇ ಅಂದರು. ಕೋಲು ಊರಿ ಎದ್ದು ನೀರಿನ ಕಡೆ ನಡೆದರು. ನಾನು ಕೈ ಕೊಡಹೋದೆ. ಹಿಡಿಯಲಿಲ್ಲ. ರಮಾಬಾಯಿ ಬಂದು ಹಿಡಿದಳು.

ಸೊರಬದಲ್ಲಿ ಇಳಿಯುವಾಗ ಎಲ್ಲರಿಗೂ ಬರ್ತೀನಿ ಅಂದರು. ನನ್ನ ಕಡೆ ನೋಡಲಿಲ್ಲ.


22 ಅಕ್ಟೋಬರ್

ಹೇಳಿದರೆ ಹಗುರಾಗುತ್ತದೆ ಅಂತಾರಲ್ಲ. ಸುಳ್ಳು.


2 ನವೆಂಬರ್, ಶನಿವಾರ

ದೀಪಾವಳಿ. ಸರ್‌ಗೆ ಫೋನ್ ಮಾಡಿದೆ. ಕರುಣಾ ಎತ್ತಿದಳು. "ಅಪ್ಪ ಮಲಗಿದಾರೆ ಅಣ್ಣ." ಹಿಂದಿನಿಂದ ಟೀವಿ ವಾರ್ತೆಯ ಸದ್ದು. ಜತೆಗೆ ಅವರ ಕೆಮ್ಮು.

ಸುನಿತಾ ಹೋಳಿಗೆ ಬಡಿಸುತ್ತಾ ಹೇಳಿದಳು, "ಅವ್ರು ಮೂವತ್ತೆಂಟು ವರ್ಷ ಹೊತ್ರು. ನೀವು ಎರಡು ವಾರಕ್ಕೇ ಸುಸ್ತಾದ್ರಾ?"


9 ನವೆಂಬರ್, ಶನಿವಾರ. ರಾತ್ರಿ ಊಟದ ಮೊದಲು

ಮಧ್ಯಾಹ್ನದ ಟ್ರಿಪ್. ಸೊರಬ ಸ್ಟ್ಯಾಂಡಿನಲ್ಲಿ ಜನ ಹತ್ತುತ್ತಿದ್ದರು. ಮೊದಲು ಕೋಲು ಮೇಲೆ ಬಂತು. ಹಿಂದೆ ಬಿಳಿ ಪಂಚೆ.

ಮುಂದಿನ ಸೀಟಿನ ಹುಡುಗಿ ಎದ್ದು ಜಾಗ ಕೊಟ್ಟಳು. ಕೂತರು. ಮಡಿಲಲ್ಲಿ ಕೈಚೀಲ, ಅದರಲ್ಲಿ ಬಾಳೆಹಣ್ಣು.

ಮೆಷಿನ್ ಹಿಡಿದು ಎದುರು ನಿಂತೆ. "ಎಲ್ಲಿಗೆ ಸಾ?"

"ತಾಂಡಾ ಕ್ರಾಸು." ಹಿರಿಯ ನಾಗರಿಕರ ಕಾರ್ಡು ತೋರಿಸಿದರು, ಅಪರಿಚಿತ ಕಂಡಕ್ಟರಿಗೆ ತೋರಿಸುವ ಹಾಗೆ. ಟಿಕೆಟ್ ಹರಿದು ಕೊಟ್ಟೆ. ಮಡಚಿ ಜೇಬಿಗಿಟ್ಟರು. ಆಮೇಲೆ ಕಿಟಕಿ ಕಡೆ ನೋಡುತ್ತಲೇ ಹೇಳಿದರು. "ರಮಾಬಾಯಿ ನಾಳೆ ಊಟಕ್ಕೆ ಕರೆದಿದಾಳೆ. ಇವತ್ತೇ ಬಂದು ಇರಿ ಅಂದ್ಲು. ನಾಳೆ ಮಧ್ಯಾಹ್ನಕ್ಕೆ ನಿಂಗೂ ಬರೋಕೆ ಹೇಳಿ ಅಂದ್ಲು. ಹೇಳಿದೀನಿ."

"ಬರ್ತೀನಿ ಸಾ."

ಹೊರಡುವ ಹೊತ್ತಾಯಿತು. ರೂಢಿಯಂತೆ ಎಣಿಸಿದೆ. ಐವತ್ತಮೂರು. ಮತ್ತೊಮ್ಮೆ ಎಣಿಸಲು ಹಿಂದಿನಿಂದ ಶುರು ಮಾಡಬೇಕು. ಅಷ್ಟರಲ್ಲಿ ಕೋಲು ಅಡ್ಡ ಬಂತು.

"ಎರಡನೇ ಸಲ ನಾನು ಎಣಿಸ್ತೀನಿ. ಬಾ ಇಲ್ಲಿ."

ಹತ್ತಿರ ಹೋದೆ. ಸರ್ ಕಂಬಿ ಹಿಡಿದು ಎದ್ದರು. ನಡುಗುವ ಅಂಗೈಯನ್ನು ನನ್ನ ಖಾಕಿ ಅಂಗಿಯ ಮೇಲೆ, ಸರಿಯಾಗಿ ಎದೆಗೆ, ಇಟ್ಟರು.

"ಲಾಭ."

ಆಮೇಲೆ ಬೆರಳು ತಮ್ಮ ಕಡೆ ತಿರುಗಿತು.

"ಎರಡು. ಲಾಭ ಆದ್ಮೇಲೆ ಎರಡು ಕಣೋ. ನೀನೂ ಲೆಕ್ಕದಲ್ಲಿದೀಯ."

ರಾಜಕುಮಾರ್ ಹಾರ್ನ್ ಹೊಡೆದ. ಸೀಟಿ ಬಾಯಲ್ಲಿತ್ತು, ಊದಲಿಲ್ಲ. ಸರ್ ಕಂಬಿಯಿಂದ ಕಂಬಿಗೆ ಕೈ ಬದಲಿಸುತ್ತಾ ಎಣಿಸುತ್ತಲೇ ಹೋದರು, ಮೂರು, ನಾಲ್ಕು, ಐದು... ಬಸ್ಸಿನವರೆಲ್ಲ ನಗುತ್ತಿದ್ದರು, ನಾನು ಸೀಟಿ ಬಾಯಿಂದ ತೆಗೆದು ಅವರ ಬೆನ್ನ ಹಿಂದೆಯೇ ನಡೆದೆ.